ಕತ್ತರಿ ಬೇಡ, ಬಾಚಣಿಗೆ ಇರಲಿ

ಮಾರ್ಚ್ ತಿಂಗಳ ಕೊನೆಯ ವಾರ. ರಾಯಚೂರು ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ಬಿಸಿಲು ಏರುವ ಮೊದಲೇ ಮಕ್ಕಳು ಮನೆ ಸೇರಲೆಂದು ಬೆಳಗಿನ ಶಾಲೆ ನಡೆಯುತ್ತಿತ್ತು. ಏಳನೇ ತರಗತಿಯ ಮಕ್ಕಳಿಗೆ ಉಷ್ಣದ ಬಗ್ಗೆ ಕೆಲವು ಪ್ರಯೋಗಗಳನ್ನು ಮಾಡಿಸಲು ನಾನು ಹೋಗಿದ್ದೆ. ಕೊನೆಯಲ್ಲಿ, “ಏನಾದರೂ ಕೇಳುವುದಿದೆಯೇ?” ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ನಾಳೆ ನಮ್ಮ ಬೆಳ್ಳಿಗೆ ಬೋಳು ಮಾಡಸ್ತಾರ್ರಿ.”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಬೆಳ್ಳಿ ಎಂದರೆ ಅವರ ಮನೆಯ ಬಿಳಿ ಪಮೇರಿಯನ್ ನಾಯಿ. ಮೈತುಂಬ ಹತ್ತಿಯಂಥ ಕೂದಲು.

“ಬ್ಯಾಸಿಗ್ಯಾಗ ಅಷ್ಟು ಕೂದಲಾ ಇದ್ರ ಅದಕ್ಕ ಸೆಕಿ ಆಗ್ತದಂತ ಅಪ್ಪ ಅಂತಾನ್ರಿ. ಮಾಮಾ ಮಷೀನ್ ತರ್ತಾನ್ರಿ. ಹಂಗ ಮಾಡಿದ್ರ ಅದಕ್ಕ ತಂಪಾಗ್ತದೇನ್ರಿ?”

ನಾನು ಉತ್ತರ ಹೇಳಲಿಲ್ಲ. ‘ತಂಪಾಗುತ್ತದೆ ಎನ್ನುವವರು ಕೈ ಎತ್ತಿ’ ಎಂದೆ. ಇಬ್ಬರನ್ನು ಬಿಟ್ಟು ಎಲ್ಲರ ಕೈಗಳೂ ಮೇಲೆ ಹೋದವು. ಮುಂದಿನ ಸಾಲಿನ ಹುಡುಗನೊಬ್ಬ ಕಾರಣವನ್ನೂ ಕೊಟ್ಟ: “ನಾವು ಬ್ಯಾಸಿಗ್ಯಾಗ ಸ್ವೆಟರ್ ಹಾಕ್ಕೋತೀವೇನ್ರಿ ಸರ್?”

ಒಳ್ಳೆಯ ಪ್ರಶ್ನೆ. ಮಕ್ಕಳೇ, ನಾನೂ ಏಳನೇ ತರಗತಿಯಲ್ಲಿದ್ದಾಗ ಹೀಗೆಯೇ ಯೋಚಿಸಿದ್ದೆ. ಬೇಸಿಗೆ ರಜೆಗೆ ಸೋದರಮಾವನ ಊರಿಗೆ ಹೋಗಿದ್ದೆ. ಅಲ್ಲಿ ರಾಜಾ ಎಂಬ ಪಮೇರಿಯನ್ ಇತ್ತು. ಅದು ನಾಲಿಗೆ ಚಾಚಿ ತೇಕುವುದನ್ನು ನೋಡಲಾಗದೆ, ಒಂದು ಮಧ್ಯಾಹ್ನ ಬಟ್ಟೆ ಕತ್ತರಿಸುವ ಕತ್ತರಿ ತಂದು ಬೆನ್ನು, ಪಕ್ಕೆಗಳ ಕೂದಲನ್ನೆಲ್ಲ ಬುಡದವರೆಗೆ ಕತ್ತರಿಸಿಬಿಟ್ಟೆ. ಮೂರೇ ದಿನಕ್ಕೆ ಬೆನ್ನಿನ ಗುಲಾಬಿ ಬಣ್ಣದ ಚರ್ಮ ಕೆಂಪಾಯಿತು. ಆಮೇಲೆ ಸಿಪ್ಪೆ ಎದ್ದಿತು, ನೊಣ ಕೂರತೊಡಗಿದವು. ರಾಜಾ ಅಂಗಳಕ್ಕೆ ಬರುವುದನ್ನೇ ಬಿಟ್ಟು ಮಂಚದ ಕೆಳಗೆ ಸೇರಿಕೊಂಡಿತು. ದೀಪಾವಳಿಗೆ ಮತ್ತೆ ಹೋದಾಗ ಪಕ್ಕೆಗಳಲ್ಲಿ ಮೆತ್ತನೆಯ ಕೂದಲು ಬಂದಿತ್ತು. ಬೆನ್ನಿನ ಮೇಲೆ ಮಾತ್ರ ಅಂಗೈಯಗಲದ ಎರಡು ಜಾಗ ಇನ್ನೂ ಬೋಳಾಗಿಯೇ ಇದ್ದವು. ನನ್ನ ಉದ್ದೇಶವೇನೋ ಒಳ್ಳೆಯದಿತ್ತು. ಆದರೆ ನಾಯಿಯ ಕೂದಲು ಏನು ಕೆಲಸ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಆ ಕೆಲಸ ಏನೆಂದು ನೋಡೋಣ.

ಎರಡು ಪದರದ ಅಂಗಿ

ನಿಮ್ಮ ಮನೆಯಲ್ಲಿ ಪಮೇರಿಯನ್, ಸ್ಪಿಟ್ಜ್, ಜರ್ಮನ್ ಷೆಫರ್ಡ್ ಅಥವಾ ಲ್ಯಾಬ್ರಡಾರ್ ನಾಯಿ ಇದ್ದರೆ ಅದರ ಬೆನ್ನಿನ ಕೂದಲನ್ನು ಎರಡೂ ಕೈಗಳಿಂದ ಮೆಲ್ಲಗೆ ಬೇರ್ಪಡಿಸಿ ನೋಡಿ. ಅಲ್ಲಿ ಎರಡು ಬಗೆಯ ಕೂದಲು ಕಾಣುತ್ತವೆ. ಮೇಲೆ ಕಾಣುವುದು ಉದ್ದವಾದ, ನೇರವಾದ, ಸ್ವಲ್ಪ ಒರಟಾದ ಹೊರಗೂದಲು. ಅದರ ಬುಡದಲ್ಲಿ, ಚರ್ಮಕ್ಕೆ ಅಂಟಿಕೊಂಡಂತೆ, ಗಿಡ್ಡವಾದ, ಮೆತ್ತನೆಯ, ಒತ್ತಾದ ಒಳಗೂದಲು ಇರುತ್ತದೆ. ಹೀಗೆ ಎರಡು ಪದರಗಳಿರುವ ನಾಯಿಗಳಿಗೆ ‘ಇಮ್ಮಡಿ ತುಪ್ಪಳದ ನಾಯಿಗಳು’ ಎನ್ನೋಣ.

ಎರಡೂ ಪದರಗಳ ಕೆಲಸ ಬೇರೆ ಬೇರೆ. ಹೊರಗೂದಲು ಬಿಸಿಲು, ಮಳೆ, ಧೂಳು, ಮುಳ್ಳುಕಂಟಿಗಳಿಂದ ಚರ್ಮವನ್ನು ಕಾಯುತ್ತದೆ. ಒಳಗೂದಲು ಚಳಿಗಾಲದಲ್ಲಿ ಮೈಯನ್ನು ಬೆಚ್ಚಗಿಡುತ್ತದೆ. ಪಮೇರಿಯನ್ ಎಂಬ ಹೆಸರು ಬಂದದ್ದು ಪಮೇರೇನಿಯಾ ಎಂಬ ಪ್ರದೇಶದಿಂದ. ಇದು ಯುರೋಪಿನ ಬಾಲ್ಟಿಕ್ ಸಮುದ್ರದ ದಕ್ಷಿಣ ದಡದಲ್ಲಿದೆ. ಈಗ ಅದರ ಒಂದು ಭಾಗ ಪೋಲೆಂಡಿನಲ್ಲಿ, ಇನ್ನೊಂದು ಭಾಗ ಜರ್ಮನಿಯಲ್ಲಿದೆ. ಅಲ್ಲಿಯ ಚಳಿಗೆ ಇಂಥ ದಪ್ಪ ಅಂಗಿ ಬೇಕೇ ಬೇಕು.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ. ಅದರ ಮೈಗೂದಲು ಗಿಡ್ಡ, ನುಣುಪು, ಮೈಗೆ ಅಂಟಿಕೊಂಡಂತೆ ಇರುತ್ತದೆ. ಬಿಸಿಲು ನಾಡಿನಲ್ಲಿ ಓಡಿ ಬೇಟೆಯಾಡುವ ನಾಯಿಗೆ ಹೊಂದುವ ಅಂಗಿ ಅದು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶೀ ತಳಿಯ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಒಂದಾಗಿತ್ತು. ಬೆಳ್ಳಿಯ ತೊಂದರೆ ಮುಧೋಳಕ್ಕಿಲ್ಲ. ಹಾಗೆಂದು ಬೆಳ್ಳಿಯನ್ನು ಬೋಳಿಸಿದರೆ ಅದು ಮುಧೋಳ ಆಗುವುದೂ ಇಲ್ಲ.

ಬೆಚ್ಚಗಿಡುವುದು ಗಾಳಿ

ಚಳಿಗೆ ಹೊದೆಯುವ ಕೌದಿಯನ್ನು ನೀವು ನೋಡಿದ್ದೀರಿ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದಿರುತ್ತಾರೆ. ಬಟ್ಟೆಗೆ ತನ್ನದೇ ಆದ ಬಿಸಿ ಇಲ್ಲ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮನ್ನು ಬೆಚ್ಚಗಿಡುತ್ತದೆ. ಗಾಳಿ ಉಷ್ಣದ ಮಂದವಾಹಕ. ಅಂದರೆ ಉಷ್ಣವನ್ನು ತನ್ನ ಮೂಲಕ ಸುಲಭವಾಗಿ ಸಾಗಲು ಬಿಡುವುದಿಲ್ಲ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ.

ನಾಯಿಯ ತುಪ್ಪಳವೂ ಹೀಗೆಯೇ. ಕೂದಲುಗಳ ನಡುವೆ ಗಾಳಿ ನಿಂತಿರುತ್ತದೆ. ಆ ಗಾಳಿಗೆ ‘ಇದು ಚಳಿ, ಇದು ಬಿಸಿಲು’ ಎಂಬ ಭೇದ ಗೊತ್ತಿಲ್ಲ. ಅದು ಎರಡೂ ಕಡೆಯಿಂದ ಉಷ್ಣವನ್ನು ತಡೆಯುತ್ತದೆ. ಇದನ್ನು ಆ ದಿನ ತರಗತಿಯಲ್ಲಿ ನಾವು ಪರೀಕ್ಷಿಸಿದೆವು. ನೀವೂ ಮಾಡಿ ನೋಡಬಹುದು.

ಮಾಡಿ ನೋಡಿ – 1

ಬೇಕಾಗುವ ವಸ್ತುಗಳು: ಒಂದೇ ಅಳತೆಯ ಮೂರು ಮಂಜುಗಡ್ಡೆ ತುಂಡುಗಳು, ಮೂರು ತಟ್ಟೆಗಳು, ಹತ್ತಿ.

ಮೊದಲನೆಯ ತುಂಡನ್ನು ಹಾಗೆಯೇ ತಟ್ಟೆಯಲ್ಲಿಡಿ. ಎರಡನೆಯದನ್ನು ಸಡಿಲವಾಗಿ ಹಿಂಜಿದ ದಪ್ಪ ಹತ್ತಿಯಲ್ಲಿ ಸುತ್ತಿ. ಮೂರನೆಯದಕ್ಕೆ ಅಷ್ಟೇ ತೂಕದ ಹತ್ತಿಯನ್ನು ಒತ್ತಿ ತೆಳ್ಳಗೆ ಮಾಡಿ, ಬಿಗಿಯಾಗಿ ಸುತ್ತಿ. ಮೂರನ್ನೂ ಬಿಸಿಲಿನಲ್ಲಿಡಿ. ಹದಿನೈದು ನಿಮಿಷದ ನಂತರ ಬಿಚ್ಚಿ ನೋಡಿ. ಯಾವುದು ಹೆಚ್ಚು ಕರಗಿದೆ? ಯಾವುದು ಹೆಚ್ಚು ಉಳಿದಿದೆ?

ಮಾಡಿ ನೋಡಿ – 2

ಎರಡು ಸ್ಟೀಲ್ ಲೋಟಗಳಲ್ಲಿ ಒಂದೇ ಪ್ರಮಾಣದ ಬಿಸಿನೀರನ್ನು ಶಿಕ್ಷಕರ ಸಹಾಯದಿಂದ ತುಂಬಿ. ಒಂದಕ್ಕೆ ಕಂಬಳಿ ತುಂಡು ಸುತ್ತಿ. ಎರಡನ್ನೂ ನೆರಳಿನಲ್ಲಿಟ್ಟು, ಐದೈದು ನಿಮಿಷಕ್ಕೊಮ್ಮೆ ತಾಪಮಾಪಕದಿಂದ ಅಳೆದು ಬರೆದುಕೊಳ್ಳಿ.

ಮೊದಲನೆಯ ಪ್ರಯೋಗದಲ್ಲಿ ಬರಿಯ ತುಂಡು ಬೇಗ ಕರಗಿತು. ಸಡಿಲ ಹತ್ತಿಯೊಳಗಿನದು ಹೆಚ್ಚು ಉಳಿಯಿತು. ಐಸ್‌ಕ್ಯಾಂಡಿ ಮಾರುವವರು ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಮುಚ್ಚಿ ಗೋಣಿಚೀಲ ಹೊದಿಸುತ್ತಿದ್ದುದೂ ಇದೇ ಕಾರಣಕ್ಕೆ. ಒತ್ತಿದ ಹತ್ತಿಯಲ್ಲಿ ಗಾಳಿ ಕಡಿಮೆ, ಪದರವೂ ತೆಳು. ಆದ್ದರಿಂದ ಅದರೊಳಗಿನ ಗಡ್ಡೆ ಸಡಿಲ ಹತ್ತಿಯೊಳಗಿನದಕ್ಕಿಂತ ಬೇಗ ಕರಗಿತು. ಈ ಮೂರನೆಯ ತಟ್ಟೆಯನ್ನು ನೆನಪಿಡಿ. ಕೂದಲು ಗಂಟುಗಟ್ಟಿದ ನಾಯಿಯ ಬಗ್ಗೆ ಹೇಳುವಾಗ ಅದು ಮತ್ತೆ ಬರುತ್ತದೆ.

ಎರಡನೆಯ ಪ್ರಯೋಗದಲ್ಲಿ ಕಂಬಳಿ ಸುತ್ತಿದ ಲೋಟದ ನೀರು ಹೆಚ್ಚು ಹೊತ್ತು ಬಿಸಿಯಾಗಿತ್ತು.

ಈಗ ಹಿಂದಿನ ಸಾಲಿನ ಹುಡುಗಿ ಮತ್ತೆ ಕೈ ಎತ್ತಿದಳು. “ಸರ್, ಕೂದಲಾ ಬಿಸಲು ಒಳಗ ಬರಾಕ ಬಿಡಲ್ಲ, ಖರೆ. ಆದ್ರ ಮೈಯಾಗಿನ ಬಿಸಿನೂ ಹೊರಗ ಬಿಡಲ್ಲಲ್ರಿ?”

ಭಲೇ! ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ.

ಉಷ್ಣ ಯಾವ ಕಡೆಗೆ ಹರಿಯುತ್ತದೆ?

ಉಷ್ಣ ಯಾವಾಗಲೂ ಹೆಚ್ಚು ತಾಪವಿರುವ ಕಡೆಯಿಂದ ಕಡಿಮೆ ತಾಪವಿರುವ ಕಡೆಗೆ ಹರಿಯುತ್ತದೆ. ನಮ್ಮ ಮೈಯ ತಾಪ ಸುಮಾರು 37 ಡಿಗ್ರಿ ಸೆಲ್ಸಿಯಸ್. ಆರೋಗ್ಯವಂತ ನಾಯಿಯದು ಸುಮಾರು 38ರಿಂದ 39 ಡಿಗ್ರಿ. ಬೆಳಗಿನ ಜಾವ ಹೊರಗಿನ ಗಾಳಿ 26 ಡಿಗ್ರಿ ಇದ್ದರೆ ಉಷ್ಣ ನಾಯಿಯ ಮೈಯಿಂದ ಹೊರಗೆ ಹೋಗುತ್ತದೆ. ಮಧ್ಯಾಹ್ನ ಗಾಳಿ 42 ಡಿಗ್ರಿ ಆದರೆ? ಆಗ ಉಷ್ಣ ಹೊರಗಿನಿಂದ ಮೈಯೊಳಕ್ಕೆ ನುಗ್ಗುತ್ತದೆ. ಅದರ ಮೇಲೆ ಸೂರ್ಯನ ನೇರ ವಿಕಿರಣ ಬೇರೆ. ಅಂಥ ಹೊತ್ತಿನಲ್ಲಿ ಬೋಳು ಚರ್ಮಕ್ಕಿಂತ ಕೂದಲು ಮುಚ್ಚಿದ ಚರ್ಮವೇ ವಾಸಿ. ಬಿಸಿಲಲ್ಲಿ ಕುರಿ ಮೇಯಿಸುವವರು ತಲೆಗೆ ರುಮಾಲು ಸುತ್ತಿಕೊಳ್ಳುವುದೂ ಇದಕ್ಕೇ.

ಇದನ್ನು ಅಳೆದು ನೋಡಿದವರಿದ್ದಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಕ್ನೂಟ್ ಶ್ಮಿಟ್-ನೀಲ್ಸನ್ ಎಂಬ ಪ್ರಾಣಿವಿಜ್ಞಾನಿ 1950ರ ದಶಕದಲ್ಲಿ ಸಹಾರಾ ಮರುಭೂಮಿಗೆ ಹೋಗಿ ಒಂಟೆಗಳನ್ನು ಅಧ್ಯಯನ ಮಾಡಿದರು. ಬಿಸಿಲಿನಲ್ಲಿ ಒಂಟೆಯ ತುಪ್ಪಳದ ಮೇಲ್ಭಾಗ 70 ಡಿಗ್ರಿ ದಾಟಿದಾಗಲೂ ಅದರ ಚರ್ಮದ ಬಳಿ ತಾಪ ಸುಮಾರು 40 ಡಿಗ್ರಿಯಷ್ಟೇ ಇತ್ತು. ಒಂದು ಒಂಟೆಯ ಕೂದಲು ಕತ್ತರಿಸಿ ನೋಡಿದಾಗ, ಅದು ಕೂದಲಿರುವ ಒಂಟೆಗಿಂತ ಸುಮಾರು ಒಂದೂವರೆ ಪಟ್ಟು ನೀರನ್ನು ಬೆವರಿನಲ್ಲಿ ಕಳೆದುಕೊಂಡಿತು. ಕೂದಲು ತೆಗೆದದ್ದರಿಂದ ಒಂಟೆಗೆ ತಂಪಾಗುವ ಬದಲು ಹೆಚ್ಚು ಬೆವರಬೇಕಾಯಿತು.

ಆದರೆ ಎಚ್ಚರಿಕೆ! ಒಂಟೆಯ ಲೆಕ್ಕವನ್ನು ಹಾಗೆಯೇ ನಾಯಿಗೆ ಅನ್ವಯಿಸಬಾರದು. ಒಂಟೆ ಬೆವರುತ್ತದೆ. ನಾಯಿ?

ನಾಯಿ ತೇಕುವುದೇಕೆ?

ನಮ್ಮ ಮೈಮೇಲೆಲ್ಲ ಬೆವರು ಗ್ರಂಥಿಗಳಿವೆ. ಬೆವರು ಆವಿಯಾಗುವಾಗ ಮೈಯ ಉಷ್ಣವನ್ನು ಹೊತ್ತೊಯ್ಯುತ್ತದೆ. ನಾಯಿಗೆ ಮೈ ತಂಪು ಮಾಡುವಂಥ ಬೆವರು ಬರುವುದು ಪಾದದ ಮೆತ್ತೆಗಳಲ್ಲಿ ಮಾತ್ರ. ಅಷ್ಟು ಸಣ್ಣ ಜಾಗದ ಬೆವರು ಇಡೀ ಮೈಗೆ ಎಲ್ಲಿ ಸಾಲುತ್ತದೆ? ಆದ್ದರಿಂದ ನಾಯಿ ಬಾಯಿ ತೆರೆದು, ನಾಲಿಗೆ ಚಾಚಿ, ವೇಗವಾಗಿ ಉಸಿರಾಡುತ್ತದೆ. ಸುಮ್ಮನೆ ಮಲಗಿರುವ ನಾಯಿ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ತೇಕುವಾಗ ಅದು 300ನ್ನೂ ದಾಟಬಹುದು. ನಾಲಿಗೆ, ಬಾಯಿ, ಮೂಗಿನ ಒಳಭಾಗದ ತೇವ ಆವಿಯಾಗುತ್ತದೆ. ಅಲ್ಲಿ ಹರಿಯುವ ರಕ್ತ ತಣ್ಣಗಾಗಿ ಮೈಯೊಳಕ್ಕೆ ಮರಳುತ್ತದೆ.

ಮೈಯ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಅಂದರೆ ನಾಲಿಗೆಯಿಂದ ಆವಿಯಾದ ಒಂದೇ ಗ್ರಾಂ ನೀರು, ಅರ್ಧ ಲೀಟರಿಗೂ ಹೆಚ್ಚು ನೀರನ್ನು ಒಂದು ಡಿಗ್ರಿ ತಣ್ಣಗಾಗಿಸುವಷ್ಟು ಉಷ್ಣವನ್ನು ಒಯ್ಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನಾಯಿಯನ್ನು ಮುಖ್ಯವಾಗಿ ಕಾಯುವುದು ನೆರಳು, ಕುಡಿಯುವ ನೀರು ಮತ್ತು ಅದರ ನಾಲಿಗೆ. ಗಾಳಿಯಲ್ಲಿ ತೇವಾಂಶ ಹೆಚ್ಚಾದರೆ ನೀರು ಬೇಗ ಆವಿಯಾಗುವುದಿಲ್ಲ. ಅದಕ್ಕೇ ಮಂಗಳೂರು, ಕಾರವಾರದ ಕಡೆ ತಾಪ ಕಡಿಮೆ ಇದ್ದ ದಿನವೂ ನಾಯಿಗಳು ಸೆಕೆಯಿಂದ ಕಷ್ಟಪಡುತ್ತವೆ.

ಮೈಗೆ ಬೆವರೇ ಇಲ್ಲದ ಮೇಲೆ ನಾಯಿಯ ಕೂದಲು ಬೋಳಿಸಿದರೆ ನಮಗೆ ಆದಂತೆ ಬೆವರು ಆರಿ ತಂಪಾಗುವ ಲಾಭವೂ ಅದಕ್ಕೆ ಸಿಗುವುದಿಲ್ಲ.

ಹಗಲು ಬೆಳೆದಂತೆ ಕೂದಲು ಉದುರುತ್ತದೆ

ಹಾಗಾದರೆ ಒಳಗಿನ ಬಿಸಿ ಹೊರಗೆ ಹೋಗಲು ದಾರಿ ಏನು? ನಿಸರ್ಗವೇ ಒಂದು ದಾರಿ ಮಾಡಿದೆ. ಬೇಸಿಗೆ ಬಂದಾಗ ಇಮ್ಮಡಿ ತುಪ್ಪಳದ ನಾಯಿ ತನ್ನ ಒಳಗೂದಲನ್ನು ಉದುರಿಸುತ್ತದೆ. ಹೊರಗೂದಲನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಆಗ ಬಿಸಿಲಿಗೆ ಛತ್ರಿ ಉಳಿಯುತ್ತದೆ, ಒಳಗಿನ ಕೌದಿ ಹೋಗುತ್ತದೆ. ಹೊರಗೂದಲುಗಳ ನಡುವೆ ಗಾಳಿ ಆಡಿ ಚರ್ಮದ ಬಿಸಿ ಹೊರಬೀಳುತ್ತದೆ. ಸ್ವೆಟರ್ ಪ್ರಶ್ನೆ ಕೇಳಿದ ಹುಡುಗನಿಗೂ ಇದೇ ಉತ್ತರ. ಬೇಸಿಗೆಯಲ್ಲಿ ನಾವು ಸ್ವೆಟರ್ ತೆಗೆಯುತ್ತೇವೆ ನಿಜ. ಅಂಗಿಯನ್ನೂ ತೆಗೆದು ಬಿಸಿಲಿನಲ್ಲಿ ನಿಲ್ಲುತ್ತೇವೆಯೇ?

ಕೂದಲು ಉದುರಿಸುವ ಕಾಲ ಬಂದಿತೆಂದು ನಾಯಿಗೆ ತಿಳಿಸುವುದು ಮುಖ್ಯವಾಗಿ ಹಗಲಿನ ಉದ್ದ. ಪಮೇರೇನಿಯಾದಲ್ಲಿ ಚಳಿಗಾಲದ ಅತಿ ಗಿಡ್ಡ ಹಗಲು ಸುಮಾರು ಏಳೂವರೆ ಗಂಟೆ. ಬೇಸಿಗೆಯ ಅತಿ ಉದ್ದ ಹಗಲು ಸುಮಾರು 17 ಗಂಟೆ. ನಮ್ಮ ರಾಯಚೂರಿನಲ್ಲಿ ಅವು ಸುಮಾರು 11 ಮತ್ತು 13 ಗಂಟೆ ಅಷ್ಟೇ. ಅಲ್ಲಿ ಸಿಗುವಷ್ಟು ಸ್ಪಷ್ಟ ಸೂಚನೆ ಇಲ್ಲಿ ಸಿಗುವುದಿಲ್ಲ. ಮೇಲಾಗಿ ಮನೆಯೊಳಗಿನ ನಾಯಿಗೆ ರಾತ್ರಿಯೂ ವಿದ್ಯುತ್ ದೀಪದ ಬೆಳಕು. ಹೀಗಾಗಿ ಮನೆಯ ನಾಯಿಗಳು ಒಮ್ಮೆಗೇ ಉದುರಿಸದೆ ವರ್ಷವಿಡೀ ಸ್ವಲ್ಪ ಸ್ವಲ್ಪ ಕೂದಲು ಉದುರಿಸುವುದೂ ಉಂಟು.

ಬುಡ ಬಿಟ್ಟ ಒಳಗೂದಲು ಕೆಳಗೆ ಬೀಳದೆ ಹೊರಗೂದಲಿನ ನಡುವೆ ಸಿಕ್ಕಿಕೊಂಡರೆ ತೊಂದರೆ. ಅದು ಧೂಳು, ಎಣ್ಣೆಯ ಅಂಶ ಸೇರಿ ಗಂಟುಗಟ್ಟುತ್ತದೆ. ಮೂರನೆಯ ತಟ್ಟೆಯ ಒತ್ತಿದ ಹತ್ತಿಯಂತೆ ಆಗುತ್ತದೆ: ಬಿಸಿಲನ್ನು ಸರಿಯಾಗಿ ತಡೆಯುವುದಿಲ್ಲ, ಚರ್ಮಕ್ಕೆ ಗಾಳಿಯನ್ನೂ ಬಿಡುವುದಿಲ್ಲ. ಕೆಳಗೆ ತೇವ ನಿಂತು ಹುಣ್ಣಾಗಬಹುದು. ನಾಯಿಗೆ ನಮ್ಮ ಸಹಾಯ ಬೇಕಾಗುವುದು ಇಲ್ಲಿ.

ಕತ್ತರಿ ಏನು ಮಾಡುತ್ತದೆ? ಬಾಚಣಿಗೆ ಏನು ಮಾಡುತ್ತದೆ?

ಬಾಚಣಿಗೆ ಎಳೆದಾಗ ಬುಡ ಸಡಿಲಾದ ಸತ್ತ ಕೂದಲು ಮಾತ್ರ ಬರುತ್ತದೆ. ಗಟ್ಟಿಯಾಗಿರುವ ಹೊರಗೂದಲು ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಅಂದರೆ ಬಾಚಣಿಗೆ ಆರಿಸಿ ತೆಗೆಯುತ್ತದೆ. ಕತ್ತರಿ, ಮಷೀನುಗಳಿಗೆ ಆರಿಸುವುದು ಗೊತ್ತಿಲ್ಲ. ಅವು ಬೇಕಾದ ಹೊರಗೂದಲನ್ನೂ ಬೇಡವಾದ ಒಳಗೂದಲನ್ನೂ ಒಂದೇ ಮಟ್ಟಕ್ಕೆ ಕತ್ತರಿಸುತ್ತವೆ. ಸತ್ತ ಒಳಗೂದಲಿನ ಬುಡ ಅಲ್ಲಿಯೇ ಉಳಿಯುತ್ತದೆ, ಬಿಸಿಲು ತಡೆಯುವ ಛತ್ರಿ ಹೋಗುತ್ತದೆ. ಚರ್ಮ ಸುಡಬಹುದು. ಸೊಳ್ಳೆ, ನೊಣಗಳಿಗೂ ದಾರಿಯಾಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಇಂಥ ನಾಯಿಗಳ ಬಹುಪಾಲು ಕೂದಲಿನ ಬುಡಗಳು ವರ್ಷದ ಹೆಚ್ಚು ಕಾಲ ವಿಶ್ರಾಂತಿಯಲ್ಲಿರುತ್ತವೆ. ಆಗ ಕತ್ತರಿಸಿದರೆ ಕೂದಲು ತಕ್ಷಣ ಬೆಳೆಯುವುದಿಲ್ಲ. ಒಳಗೂದಲು ಮೊದಲು ಬಂದು, ಹೊರಗೂದಲು ತಡವಾಗಿ ಬರುವುದರಿಂದ ತುಪ್ಪಳ ಹತ್ತಿಯಂತಾಗುತ್ತದೆ. ಕೆಲವು ನಾಯಿಗಳಲ್ಲಿ ಬೋಳಾದ ಜಾಗ ತುಂಬಲು ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷವೂ ದಾಟುತ್ತದೆ. ರಾಜಾನ ಬೆನ್ನಿಗೆ ಏನಾಗಿತ್ತೆಂದು ನನಗೆ ತಿಳಿದದ್ದು ಇಷ್ಟನ್ನು ಓದಿದ ಮೇಲೆಯೇ.

ಗಾಯ, ಶಸ್ತ್ರಚಿಕಿತ್ಸೆ, ಚರ್ಮರೋಗ ಅಥವಾ ಬಿಡಿಸಲಾಗದಷ್ಟು ಗಂಟು ಇದ್ದಾಗ ಪಶುವೈದ್ಯರು ಕೂದಲು ತೆಗೆಯುತ್ತಾರೆ. ಅದು ಚಿಕಿತ್ಸೆ. ಪೂಡಲ್, ಶಿಟ್ಜು ಮುಂತಾದ ತಳಿಗಳ ಕೂದಲು ಬೆಳೆಯುತ್ತಲೇ ಇರುವುದರಿಂದ ಅವಕ್ಕೆ ಆಗಾಗ ಕತ್ತರಿಸಲೇಬೇಕು. ಈ ಲೇಖನ ಹೇಳುತ್ತಿರುವುದು ಇಮ್ಮಡಿ ತುಪ್ಪಳದ ನಾಯಿಗಳಿಗೆ ಮಾತ್ರ.

ಹಾಗಾದರೆ ಕುರಿ?

ಇಷ್ಟು ಹೇಳುವಷ್ಟರಲ್ಲಿ ಕುರಿ ಸಾಕುವ ಮನೆಯ ಹುಡುಗನೊಬ್ಬ ಎದ್ದ. “ಸರ್, ನಮ್ಮ ಕುರಿ ಉಣ್ಣಿ ವರ್ಷಕ್ಕ ಎರಡು ಸಲ ಕತ್ತರಸ್ತೀವ್ರಿ. ಅವಕ್ಕೇನೂ ಆಗಲ್ಲಲ್ರಿ?”

ಇದಕ್ಕೆ ಉತ್ತರ ನಿಮ್ಮ ಮುಖದಲ್ಲಿಯೇ ಇದೆ. ಹುಬ್ಬನ್ನು ಮುಟ್ಟಿ ನೋಡಿ. ಹುಬ್ಬಿನ ಕೂದಲು ಒಂದು ಉದ್ದಕ್ಕೆ ಬೆಳೆದು ನಿಂತುಬಿಡುತ್ತದೆ, ಆಮೇಲೆ ಉದುರಿ ಹೊಸದು ಬರುತ್ತದೆ. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತಲೇ ಹೋಗುತ್ತದೆ. ತಲೆಗೂದಲು ಕತ್ತರಿಸುತ್ತೇವೆ, ಹುಬ್ಬನ್ನು ಯಾರೂ ಬೋಳಿಸುವುದಿಲ್ಲ. ಪಮೇರಿಯನ್ ನಾಯಿಯ ಕೂದಲು ಹುಬ್ಬಿನಂತೆ. ಉಣ್ಣೆಗಾಗಿ ಮನುಷ್ಯರು ಸಾವಿರಾರು ವರ್ಷ ಆರಿಸಿ ಬೆಳೆಸಿದ ಕುರಿಗಳ ಉಣ್ಣೆ ತಲೆಗೂದಲಿನಂತೆ ಬೆಳೆಯುತ್ತದೆ. ಅದು ತಾನಾಗಿ ಪೂರ್ತಿ ಉದುರುವುದಿಲ್ಲ. ಅದಕ್ಕೆ ಕತ್ತರಿ ಬೇಕು. ನಾಯಿಗೆ ಬಾಚಣಿಗೆ ಸಾಕು.

ಬೇಸಿಗೆಯಲ್ಲಿ ಹೀಗೆ ಮಾಡಿ

1. ವಾರಕ್ಕೆ ಎರಡು ಮೂರು ಸಲ ಬಾಚಿ. ಕೂದಲು ಹೆಚ್ಚು ಉದುರುವಾಗ ದಿನವೂ ಹತ್ತು ನಿಮಿಷ ಬಾಚಿ. ಅಗಲ ಹಲ್ಲಿನ, ತುದಿ ಚೂಪಿಲ್ಲದ ಬಾಚಣಿಗೆ ಸಾಕು. ಕೂದಲನ್ನು ಸಾಲು ಸಾಲಾಗಿ ಬೇರ್ಪಡಿಸುತ್ತ ಚರ್ಮದ ಹತ್ತಿರದಿಂದ ತುದಿಗೆ ಮೆಲ್ಲಗೆ ಎಳೆಯಿರಿ. ಚರ್ಮ ಗೀರಬಾರದು.

2. ಕಿವಿಯ ಹಿಂದೆ, ತೊಡೆಯ ಹಿಂಭಾಗ, ಕಂಕುಳು, ಕೊರಳಪಟ್ಟಿಯ ಕೆಳಗೆ ಗಂಟು ಬೇಗ ಆಗುತ್ತದೆ. ಗಂಟನ್ನು ಎಳೆಯದೆ ಬೆರಳಿನಿಂದ ತುದಿಯ ಕಡೆಯಿಂದ ಬಿಡಿಸಿ. ಬಾಚುವಾಗಲೇ ಉಣ್ಣಿ ಇವೆಯೇ ಎಂದು ನೋಡಿ. ಇದ್ದರೆ ದೊಡ್ಡವರಿಗೆ ಹೇಳಿ.

3. ಸ್ನಾನಕ್ಕೆ ಮೊದಲು ಬಾಚಿ. ಒದ್ದೆಯಾದರೆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಸ್ನಾನದ ನಂತರ ಒಳಗೂದಲು ಪೂರ್ತಿ ಆರಬೇಕು.

4. ಮಧ್ಯಾಹ್ನ ಬಿಸಿಲಿನಲ್ಲಿ ಕಟ್ಟಬೇಡಿ. ನೆರಳು ಸರಿದಂತೆ ನಾಯಿಯೂ ಸರಿಯುವಷ್ಟು ಜಾಗವಿರಲಿ. ಕುಡಿಯುವ ನೀರನ್ನು ಮಣ್ಣಿನ ಪಾತ್ರೆಯಲ್ಲಿಟ್ಟರೆ ತಂಪಾಗಿರುತ್ತದೆ.

5. ಡಾಂಬರು ರಸ್ತೆಯ ಮೇಲೆ ಕರೆದೊಯ್ಯುವ ಮೊದಲು ನಿಮ್ಮ ಕೈಯ ಹಿಂಭಾಗವನ್ನು ರಸ್ತೆಗೆ ಇಟ್ಟು ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೊತ್ತು ಮುಳುಗಿದ ಮೇಲೆ ಹೋಗಿ.

6. ನಿಲ್ಲಿಸಿದ ಕಾರಿನಲ್ಲಿ, ಮುಚ್ಚಿದ ತಗಡಿನ ಕೋಣೆಯಲ್ಲಿ ನಾಯಿಯನ್ನು ಸ್ವಲ್ಪ ಹೊತ್ತೂ ಬಿಡಬಾರದು.

ನೆನಪಿಡಿ: ಬಾಚುವುದು ನಿಮ್ಮ ಮನೆಯ, ನಿಮ್ಮನ್ನು ಬಲ್ಲ, ಲಸಿಕೆ ಹಾಕಿಸಿದ ನಾಯಿಗೆ ಮಾತ್ರ. ಬೀದಿಯ ನಾಯಿಯನ್ನು ಹಿಡಿಯಲು ಹೋಗಬೇಡಿ. ಯಾವುದೇ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಕೂಡಲೇ ದೊಡ್ಡವರೊಂದಿಗೆ ಆಸ್ಪತ್ರೆಗೆ ಹೋಗಿ.

ಅಪಾಯವನ್ನು ಗುರುತಿಸಿ

ನೆರಳಿನಲ್ಲಿ ಮಲಗಿಸಿದರೂ ತೇಕುವುದು ನಿಲ್ಲದಿರುವುದು, ಜೊಲ್ಲು ಸುರಿಯುವುದು, ವಸಡು ಮತ್ತು ನಾಲಿಗೆ ಕಡುಗೆಂಪಾಗುವುದು, ತೂರಾಡುವುದು, ವಾಂತಿ, ಕುಸಿದು ಬೀಳುವುದು – ಇವು ಉಷ್ಣಾಘಾತದ ಚಿಹ್ನೆಗಳು. ಆಗ ನಾಯಿಯ ಮೈಯ ತಾಪ 41 ಡಿಗ್ರಿ ದಾಟಿರಬಹುದು, ಪ್ರಾಣಕ್ಕೇ ಅಪಾಯ. ತಕ್ಷಣ ನೆರಳಿಗೆ ತನ್ನಿ. ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಸುರಿಯಿರಿ. ಕೂದಲಿನ ಮೇಲೆ ಚಿಮುಕಿಸಿದರೆ ಸಾಲದು, ನೀರು ಚರ್ಮಕ್ಕೆ ತಲುಪಬೇಕು. ಆಮೇಲೆ ಗಾಳಿ ಬೀಸಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಡಬೇಡಿ. ಅದು ಗಾಳಿಯನ್ನು ತಡೆದು ಒಳಗಿನ ಬಿಸಿ ಹೊರಹೋಗದಂತೆ ಮಾಡುತ್ತದೆ. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪ ಕುಡಿಯಲು ಕೊಡಿ, ಒತ್ತಾಯದಿಂದ ಬಾಯಿಗೆ ಸುರಿಯಬೇಡಿ. ಮೈ ತಣ್ಣಗಾಗಿಸುತ್ತಲೇ ಪಶುವೈದ್ಯರ ಬಳಿ ಕರೆದೊಯ್ಯಿರಿ.

ಬೆಳ್ಳಿ ಏನಾಯಿತು?

ಆ ದಿನ ಹುಡುಗಿ ಮನೆಗೆ ಹೋಗಿ ಅಪ್ಪನ ಮುಂದೆ ಮಂಜುಗಡ್ಡೆಯ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ತೋರಿಸಿದಳಂತೆ. “ಎಂಟು ದಿನ ಬಾಚಿ ನೋಡು, ಆಗಲಿಲ್ಲಂದ್ರ ಮಷೀನ್ ಐತಿ” ಎಂದು ಅಪ್ಪ ಒಪ್ಪಿದರಂತೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನಾನು ಮತ್ತೆ ಅಲ್ಲಿಗೆ ಹೋದೆ. ಆಕೆ ಒಂದು ಬಟ್ಟೆಯ ಚೀಲ ತಂದಿದ್ದಳು. ಅದರ ತುಂಬ ಬೆಳ್ಳಿಯ ಒಳಗೂದಲು, ಹಿಂಜಿದ ಹತ್ತಿಯಂತೆ ಮೆತ್ತಗೆ. ಶಾಲೆಯ ತಕ್ಕಡಿಯಲ್ಲಿ ತೂಗಿದರೆ 60 ಗ್ರಾಂ. ಅಷ್ಟೂ ಬೆಳ್ಳಿಯ ಮೈಮೇಲೆ ಇತ್ತು! ಮಷೀನ್ ತಂದ ಹಾಗೆಯೇ ವಾಪಸ್ ಹೋಗಿತ್ತು.

ಇನ್ನೊಂದು ಕೈಯಲ್ಲಿ ನೋಟ್‌ಬುಕ್ ಇತ್ತು. ನೆರಳಿನಲ್ಲಿ ಮಲಗಿದ ಬೆಳ್ಳಿಯ ಉಸಿರನ್ನು ರಜೆಯುದ್ದಕ್ಕೂ ಎಣಿಸಿ ಬರೆದಿದ್ದಳು. ಬೆಳಿಗ್ಗೆ ಆರು ಗಂಟೆಗೆ ನಿಮಿಷಕ್ಕೆ 22. ಹತ್ತು ಗಂಟೆಗೆ 34. ಒಂದು ದಿನದ ಮಧ್ಯಾಹ್ನದ ಕಾಲಂನಲ್ಲಿ ಮಾತ್ರ ‘ಎಣಿಸಲು ಆಗಲಿಲ್ಲ, ನೀರು ಕೊಟ್ಟೆ’ ಎಂದು ಬರೆದಿತ್ತು. ಆ ದಿನ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತಂತೆ. ಚೆನ್ನಾಗಿ ಬಾಚಿದ ನಾಯಿಗೂ ಮಧ್ಯಾಹ್ನದ ಬಿಸಿ ಕಷ್ಟವೇ ಎಂಬುದನ್ನು ಆಕೆಯ ಪಟ್ಟಿಯೇ ಹೇಳುತ್ತಿತ್ತು.

ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ನೀವೂ ಹೀಗೆ ಒಂದು ಪಟ್ಟಿ ಮಾಡಿ. ನಾಯಿ ಮಲಗಿರುವಾಗ ಅದರ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು ಉಸಿರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದು ವಾರ ಬರೆಯಿರಿ. ಪಕ್ಕದ ಕಾಲಂನಲ್ಲಿ ಆ ಹೊತ್ತಿನ ತಾಪವನ್ನೂ ಬರೆದರೆ ಎರಡಕ್ಕೂ ಏನು ಸಂಬಂಧವಿದೆ ಎಂದು ಗ್ರಾಫ್ ಹಾಳೆಯ ಮೇಲೆ ಎಳೆದು ನೋಡಬಹುದು. ನಾಯಿ ಇಲ್ಲದವರು ಎಮ್ಮೆಯನ್ನೋ ಹಸುವನ್ನೋ ದೂರದಿಂದಲೇ ಗಮನಿಸಿ ಎಣಿಸಿ. ನಿಮ್ಮ ಪಟ್ಟಿಯನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಲು ಮರೆಯಬೇಡಿ.